ಸಿಲೋನಿಗೆ ಹೋದ ಅಕ್ಕಿಮುಡಿ

ನನ್ನ ಸೋದರಮಾವನಷ್ಟು ದೂರ ಹೋಗಿ ಅವರಷ್ಟು ಕಡಿಮೆ ನೋಡಿಕೊಂಡು ಬಂದವರು ಮಂಗಳೂರಿನಲ್ಲಿ ಇನ್ನೊಬ್ಬರು ಇರಲಾರರು. ಹಡಗು ಹತ್ತಿ ಸಿಲೋನಿಗೆ ಹೋದರು, ಅಲ್ಲಿಂದ ಇನ್ನೊಂದು ಪುಟ್ಟ ದ್ವೀಪಕ್ಕೆ ಹೋದರು, ಹೋಗಿ ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಎದ್ದು ವಾಪಸು ಬಂದರು! ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಎನ್ನುವಾಗಲೇ ಒಂದು ಸಣ್ಣ ಅನುಮಾನ. ಮದರಾಸಿನಲ್ಲಿ ತರ್ಕಶಾಸ್ತ್ರ ಓದಿದ ಮೇಲೆ ದೇವರ ಮೇಲಿನ ನಂಬಿಕೆ ಮೊದಲು ಹೋಯಿತು, ನನ್ನ ನೆನಪಿನ ಮೇಲಿನದು ಆಮೇಲೆ. ಇದರಲ್ಲಿ ಕಾಲು ಭಾಗ ನಾನೇ ಕಟ್ಟಿದ್ದಿರಬಹುದು. ಯಾವ ಕಾಲು ಭಾಗ ಎಂದು ಮಾತ್ರ ಕೇಳಬೇಡಿ.

ಮಾವನಿಗೆ ಬಂದರಿನಲ್ಲಿ ಒಣಮೀನಿನ ಮಂಡಿ ಇತ್ತು. ಐವತ್ತು ವರ್ಷ ಸಮುದ್ರದ ವಾಸನೆಯಲ್ಲೇ ಬದುಕಿದ ಮನುಷ್ಯ ಒಮ್ಮೆಯೂ ಅದರಲ್ಲಿ ಕಾಲು ನೆನೆಸಿದವರಲ್ಲ. ಸಮುದ್ರ ಎಂದರೆ ಅವರಿಗೆ ಮೀನು ಬರುವ ಬಾಗಿಲು. ಬಾಗಿಲನ್ನು ಯಾರಾದರೂ ನಿಂತು ನೋಡುತ್ತಾರೆಯೆ?

ನಮ್ಮದು ಅಳಿಯಕಟ್ಟಿನ ಮನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಮಣ್ಣಗುಡ್ಡದ ಆ ಮನೆಗೆ ಮಾವ ಯಜಮಾನರು, ಅವರ ನಂತರ ಅದು ಅವರ ಅಕ್ಕನ ಮಗನಾದ ನನಗೆ. ಅಡುಗೆಮನೆ ಆ ಅಕ್ಕನದ್ದು, ಅಂದರೆ ನನ್ನ ಅಮ್ಮನದ್ದು. ಕುಲಶೇಖರದಿಂದ ಮದುವೆಯಾಗಿ ಬಂದ ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಇರುವಷ್ಟು ಕಾಲ ಅವರು ಮಣ್ಣಗುಡ್ಡದಲ್ಲಿರಬಹುದು, ಆಮೇಲೆ ತಮ್ಮ ಮನೆಗೆ ಹಿಂದಿರುಗಬೇಕು. ಹೀಗೆ ಇಪ್ಪತ್ತೆರಡು ವರ್ಷ ಅವರು ನಮ್ಮಲ್ಲಿ ನೆಂಟರಾಗಿದ್ದರು. ಅಮ್ಮ ಕೆಟ್ಟವಳಲ್ಲ. ತೆಂಗಿನಕಾಯಿ ತುರಿಯಲು ಕೊಡುತ್ತಿದ್ದಳು, ಮೀನು ಹೆಚ್ಚಲು ಕೊಡುತ್ತಿದ್ದಳು. ಸೌಟು ಮಾತ್ರ ಕೊಡುತ್ತಿರಲಿಲ್ಲ.

ಒಮ್ಮೆ ಅತ್ತೆ, ಹಿತ್ತಿಲಿನ ಹುಲ್ಲುಮಾಡಿನ ಅಡಿಯಲ್ಲಿ ತನಗೊಂದು ಸಣ್ಣ ಒಲೆ ಇದ್ದರೆ ಆಗುತ್ತಿತ್ತು ಎಂದರು. ಒಲೆ ಎಂದರೆ ಏನು, ಮೂರು ಕಲ್ಲು! ಅಮ್ಮ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಕುಟುಂಬದ ಹಿರಿಯರೆಲ್ಲ ಬಂದು ಜಗಲಿಯಲ್ಲಿ ಕೂತರು. ಒಂದೇ ಮನೆಯಲ್ಲಿ ಎರಡನೆಯ ಒಲೆ ಹೊತ್ತಿತೆಂದರೆ ಮನೆ ಪಾಲಾಯಿತು ಎಂದೇ ಊರಿನ ಲೆಕ್ಕ. ಯಜಮಾನರೇ ಪಾಲು ಕೇಳುತ್ತಿದ್ದಾರೆಯೆ ಎಂದು ಒಬ್ಬರು ಕೇಳಿದರು. ಮಾವ ವೀಳ್ಯ ಜಗಿಯುತ್ತ ಕೂತಿದ್ದರು. ಹೆಂಡತಿಯ ಪರವಾಗಿ ಒಂದು ಮಾತು ಬಾರದ ಗಂಡ ಎಂದು ನಾನು ಆ ದಿನವೇ ತೀರ್ಪು ಕೊಟ್ಟೆ. ಆಗಷ್ಟೆ ಬಿ.ಎ. ಆಗಿತ್ತು, ತೀರ್ಪುಗಳಿಗೆ ಬರ ಇರಲಿಲ್ಲ.

ಅದಾದ ಕೆಲವು ತಿಂಗಳಿಗೆ ಮಾವ ಸಿಲೋನಿಗೆ ಹೋಗಿ ಸಮುದ್ರ ನೋಡಿ ಬರುವುದಾಗಿ ಸಾರಿದರು, ಹೆಂಡತಿಯ ಜೊತೆ! ಬಂದರಿಡೀ ನಕ್ಕಿತು. ಪಕ್ಕದ ಮಂಡಿಯ ಬ್ಯಾರಿ ಸಾಹುಕಾರರು ಕೊಲಂಬಿಗೆ ಹತ್ತಾರು ಸಲ ಹೋಗಿ ಬಂದವರು. ಅವರು ಮಾವನನ್ನು ನಿಲ್ಲಿಸಿ ಕೇಳಿದರು:

"ಎಂತ ಮಾರಾಯರೇ, ನಮ್ಮ ತಣ್ಣೀರುಬಾವಿ ಕಡಲತಡಿಯಲ್ಲಿ ಸಮುದ್ರ ಬತ್ತಿ ಹೋಯಿತಾ?"

"ಬತ್ತಲಿಲ್ಲ. ಅದನ್ನು ನೋಡಿ ಆಗಿದೆ."

"ಯಾವಾಗ ನೋಡಿದ್ದು?"

ಮಾವ ಮಂಡಿಯೊಳಗೆ ಹೋಗಿ ಮೀನಿನ ಲೆಕ್ಕ ಬಿಡಿಸಿ ಕೂತರು.

ಅಮ್ಮ ನಗಲಿಲ್ಲ, ಹೆದರಿದಳು. ತನ್ನ ತಮ್ಮ ಪರದೇಶದಲ್ಲಿ ಹೆಂಡತಿಯ ಹೆಸರಿಗೆ ಗುಟ್ಟಾಗಿ ತೋಟವನ್ನೋ ಮನೆಯನ್ನೋ ಮಾಡಿಟ್ಟರೆ? ಆದ್ದರಿಂದ ಇಂಗ್ಲಿಷ್ ಮಾತಾಡುವ ನೆಪದಲ್ಲಿ ನನ್ನನ್ನು ಜೊತೆಗೆ ಕಳಿಸಿದಳು. ಗಂಡಹೆಂಡಿರ ವಿಹಾರಕ್ಕೆ ವಾರಸುದಾರನೇ ಕಾವಲು! ಇಂಥ ಮಧುಚಂದ್ರ ಪ್ರಪಂಚದಲ್ಲಿ ಎಲ್ಲಾದರೂ ನಡೆದಿದೆಯೆ?

ಹೊರಡುವ ದಿನ ಬಂದರಿನಲ್ಲಿ ನೋಡಿದರೆ ಮಾವನ ಸಾಮಾನಿನ ಮಧ್ಯೆ ಒಂದು ಅಕ್ಕಿಮುಡಿ. ಬೈಹುಲ್ಲು ಸುತ್ತಿ, ಹುರಿ ಬಿಗಿದು, ದೊಡ್ಡ ಕುಂಬಳದಂತೆ ಗುಂಡಗೆ ಕಟ್ಟಿದ ಕುಚ್ಚಲಕ್ಕಿ, ಮೂವರಿಗೆ ಒಂದು ತಿಂಗಳಿಗಾಗುವಷ್ಟು. ಹೊಟೇಲಿನಲ್ಲಿ ಇಳಿಯುವವರಿಗೆ ಅಕ್ಕಿ ಏಕೆ ಎಂದು ಕೇಳಿದೆ. ಇರಲಿ ಎಂದರು. ದೋಣಿಯವರು ಅದನ್ನು ಎರಡು ಸಲ ಇನ್ನೇನು ನೀರಿಗೆ ಬೀಳಿಸಿಯೇ ಬಿಟ್ಟರು ಎನ್ನುವಂತೆ ಮಾಡಿ, ಕೊನೆಗೆ ನದಿಯ ಅಳಿವೆ ದಾಟಿಸಿ ಹಡಗಿಗೆ ಏರಿಸಿದರು.

ಕೊಲಂಬಿನ ಬಂದರುಕಟ್ಟೆಯಲ್ಲಿ ಸುಂಕದ ಅಧಿಕಾರಿ ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಅಕ್ಕಿ ಎಂದು ನಾನು ಹೇಳಿದೆ. ಅಕ್ಕಿಯ ದೇಶಕ್ಕೆ ಅಕ್ಕಿ ತರುವವನನ್ನು ಯಾರು ನಂಬುತ್ತಾರೆ? ಕಬ್ಬಿಣದ ಕಡ್ಡಿಯಿಂದ ಚುಚ್ಚಿ ನೋಡಿದ, ಹುರಿ ಕಡಿದುಹೋಯಿತು, ಅರ್ಧ ಮುಡಿ ಕಟ್ಟೆಯ ಮೇಲೆ ಸುರಿಯಿತು. ಅತ್ತೆ ಸೆರಗು ಒಡ್ಡಿ ಬಾಚತೊಡಗಿದರು. ಮುಡಿ ಕಟ್ಟುವುದು ಒಂದು ವಿದ್ಯೆ. ಒಬ್ಬ ಸುತ್ತಬೇಕು, ಒಬ್ಬ ಎಳೆದು ಹಿಡಿಯಬೇಕು. ಮಾವ ಪಂಚೆ ಮೇಲೆತ್ತಿ ಕಟ್ಟಿ ನೆಲದಲ್ಲೇ ಕೂತರು. ಹಿಂದೆ ನೂರು ಜನ ಸಾಲಾಗಿ ನಿಂತಿದ್ದರು, ನನಗೆ ಅವಮಾನದಿಂದ ಕೈಯೇ ಏಳಲಿಲ್ಲ. ಕೊನೆಗೆ ಹುರಿಯ ಇನ್ನೊಂದು ತುದಿಯನ್ನು ಹಿಡಿದು ಎಳೆದದ್ದು ಆ ಅಧಿಕಾರಿಯೇ!

ಸಮುದ್ರದೆದುರಿನ ಹೊಟೇಲಿನಲ್ಲಿ ಇಳಿದೆವು. ಮರಳಿನ ಮೇಲೆ ಬಿಳಿಯರು ಬಟ್ಟೆ ಇದ್ದೂ ಇಲ್ಲದಂತೆ ಬೆನ್ನು ಕೆಂಪಾಗಿಸಿಕೊಂಡು ಮಲಗಿದ್ದರು. ಇನ್ನೊಬ್ಬನಾದರೆ ನಾಚುತ್ತಿದ್ದ, ಇಲ್ಲವೆ ಕದ್ದು ನೋಡುತ್ತಿದ್ದ. ಮಾವ ತಮ್ಮ ಕಸುಬಿನ ಕಣ್ಣಿನಿಂದ ನೆಟ್ಟಗೆ ನೋಡಿದರು.

"ಒಂದೇ ಬದಿ ಒಣಗ್ತಾ ಉಂಟು," ಎಂದರು. "ಇಂಗ್ಲಿಷಿನಲ್ಲಿ ಹೇಳು ಮಾರಾಯ, ಮಗುಚಿ ಹಾಕಲಿಕ್ಕೆ. ಇಲ್ಲದಿದ್ದರೆ ಹೊಟ್ಟೆಯ ಬದಿ ಕೊಳೀತದೆ."

ಅತ್ತೆ ಮಾತ್ರ ಹೊಟೇಲಿನಲ್ಲಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ಮಣ್ಣಗುಡ್ಡದಲ್ಲಿ ತುರಿಯಲು ತೆಂಗಿನಕಾಯಿಯಾದರೂ ಇತ್ತು, ಇಲ್ಲಿ ಅದೂ ಇಲ್ಲ. ಗಲ್ಲಾದ ಹತ್ತಿರ ಕೂತ ಹೆಂಗಸನ್ನು ತೋರಿಸಿ, ಇಲ್ಲಿನ ಒಲೆ ಅವಳದ್ದಾ ಎಂದು ನನ್ನನ್ನು ಕೇಳಿದರು. ಅಲ್ಲ, ಕಂಪೆನಿಯದ್ದು ಎಂದೆ. "ಪಾಪ," ಎಂದರು.

ಎರಡನೆಯ ದಿನ ಮಾವ ಹೊಟೇಲಿನ ಮೀನುಸಾರಿನ ವಿಚಾರದಲ್ಲಿ ಜಗಳ ತೆಗೆದು, ಸರಿಯಾದ ಕ್ರಮ ತೋರಿಸಿಕೊಡಲು ನೇರ ಅಡುಗೆಮನೆಗೇ ನುಗ್ಗಿದರು. ನಮ್ಮನ್ನು ಮೂವರನ್ನೂ ಹೊಟೇಲಿನಿಂದಲೇ ಬಹಳ ಮರ್ಯಾದೆಯಿಂದ ಹೊರಗೆ ಹಾಕಿದರು. ಮರುದಿನ ತೆಂಕಣ ಕರಾವಳಿಗೆ ರೈಲು, ಅಲ್ಲಿಂದ ಬೆಸ್ತರ ದೋಣಿಯಲ್ಲಿ ಒಂದು ದ್ವೀಪ. ಅದರ ಹೆಸರು ನನಗೆ ನೆನಪಿಲ್ಲ. ಭೂಪಟದಲ್ಲಿ ಹುಡುಕಿದಾಗ ಸಿಗಲೂ ಇಲ್ಲ. ಆದರೆ ಮುಡಿ ನಮ್ಮ ಜೊತೆ ಬಂದದ್ದು ನಿಜ, ಏಕೆಂದರೆ ಅದನ್ನು ಹೊತ್ತ ಹೆಗಲು ನನ್ನದು.

ದ್ವೀಪದಲ್ಲಿ ಮಾವ ಒಂದು ತೆಂಗಿನ ಗರಿಯ ಗುಡಿಸಲನ್ನು ಬಾಡಿಗೆಗೆ ಹಿಡಿದರು. ಸುತ್ತ ಬಿಳಿ ಮರಳು, ಹವಳದ ಬಂಡೆ, ಕಣ್ಣು ನಂಬದಂಥ ನೀಲಿ ನೀರು. ಸಂಜೆಯ ಬಣ್ಣ ನೋಡಲು ಬಿಳಿಯರು ಲಂಡನಿನಿಂದ ಬರುತ್ತಿದ್ದರಂತೆ. ಮಾವ ಏನು ಮಾಡಿದರು? ಮೂರು ಕಲ್ಲು ಆರಿಸಿ ತಂದು ಗುಡಿಸಲಿನ ಹಿಂದೆ ಇಟ್ಟರು. ಅತ್ತೆ ಬೆಂಕಿ ಹೊತ್ತಿಸಿದರು. ಮಾವ ಮಣೆ ಹಾಕಿ, ಸಮುದ್ರಕ್ಕೆ ಬೆನ್ನು ಮಾಡಿ, ಒಲೆಯ ಎದುರು ಕೂತರು. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಊಟವಾದರೆ ಮತ್ತೆ ಅಲ್ಲೇ.

"ಮಾವ, ಸಮುದ್ರ ಆ ಕಡೆ ಉಂಟು," ಎಂದೆ.

"ಗೊತ್ತುಂಟು. ಅದು ಎಲ್ಲಿಗೂ ಹೋಗುವುದಿಲ್ಲ."

ಮೊದಲ ಹೊತ್ತಿನ ಸಾರಿಗೆ ಉಪ್ಪು ವಿಪರೀತ. ನಾನು ಎಲೆ ಸರಿಸಿ ಎದ್ದೆ. ಮಾವ ಎರಡನೆಯ ಸಲ ಬಡಿಸಿಕೊಂಡರು, ಮೂರನೆಯ ಸಲವೂ. ಆಮೇಲೆ ಒಂದು ಕೊಡ ನೀರು ಕುಡಿದರು. ಪರದೇಶದಲ್ಲಿ ಮನುಷ್ಯನ ನಾಲಗೆಯೂ ಕೆಡುತ್ತದೆ ಎಂದು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ.

ಊರಿಗೆ ಬಂದ ಮೇಲೆ ಅಮ್ಮ ನನ್ನನ್ನು ಬದಿಗೆ ಕರೆದು, ಅವಳಿಗೆ ಎಂತ ಮಾಡಿಕೊಟ್ಟ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಒಂದು ಸೀರೆ? ಅದೂ ಇಲ್ಲ. ಅಮ್ಮನಿಗೆ ನಿಜಕ್ಕೂ ಅತ್ತೆಯ ಮೇಲೆ ಕನಿಕರ ಬಂತು. ನಾನು ಈ ಕತೆಯನ್ನು ಮುಡಿಯಿಂದ ಹಿಡಿದು ಮಣೆಯವರೆಗೆ ಅಭಿನಯದ ಸಹಿತ ಹೇಳಿ, ಮಣ್ಣಗುಡ್ಡದ ಎಷ್ಟೋ ಸಂಜೆಗಳನ್ನು ನಗಿಸಿದೆ. ದ್ವೀಪದಲ್ಲಿ ಒಂಬತ್ತು ದಿನ ಬೆನ್ನು ತಿರುಗಿಸಿ ಕೂತ ಯಜಮಾನರು ಎಂದು ಹೇಳುವಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಮಾವನೇ.

ಆರು ವರ್ಷ ಕಳೆದು ಮಾವ ತೀರಿಕೊಂಡರು. ಉತ್ತರಕ್ರಿಯೆ ಮುಗಿದ ಮರುದಿನ ಅತ್ತೆ ಪೆಟ್ಟಿಗೆ ಕಟ್ಟಿದರು. ಹೋಗಿ ಎಂದು ಯಾರೂ ಹೇಳಲಿಲ್ಲ. ಇರಿ ಎಂದು ಹೇಳಬೇಕಾದ ಯಜಮಾನ ಈಗ ನಾನೇ, ನಾನೂ ಹೇಳಲಿಲ್ಲ. ಪದ್ಧತಿಗಳನ್ನೆಲ್ಲ ಪ್ರಶ್ನಿಸಲು ಕಲಿತವನು, ನನಗೆ ಮನೆ ಕೊಟ್ಟ ಪದ್ಧತಿಯೊಂದನ್ನು ಪ್ರಶ್ನಿಸಲು ಮರೆತಿದ್ದೆ.

ಅವರನ್ನು ಬಿಟ್ಟುಬರಲು ನಾನೇ ಜೊತೆಗೆ ಹೊರಟೆ, ಜಟಕಾ ಕುಲಶೇಖರದ ದಾರಿ ಹಿಡಿಯಿತು. ದ್ವೀಪದಲ್ಲಿ ನಾವಿದ್ದದ್ದು ಒಂಬತ್ತು ದಿನವೇ ಅಲ್ಲವೆ ಎಂದು ಕೇಳಿದೆ.

"ನಾಲ್ಕು ದಿನ, ಮಗಾ," ಎಂದರು ಅತ್ತೆ. "ಎಂಟು ಹೊತ್ತಿನ ಅಡುಗೆ. ಮೊದಲನೆಯದಕ್ಕೆ ಉಪ್ಪು ಜಾಸ್ತಿ ಆಯಿತು. ಎಷ್ಟು ಹಾಕಬೇಕು ಅಂತ ಮರೆತೇ ಹೋಗಿತ್ತು." ಮಡಿಲಿನ ಪೆಟ್ಟಿಗೆಯನ್ನು ಸರಿಮಾಡಿಕೊಂಡು ಹೇಳಿದರು: "ಇಲ್ಲಿ ಒಲೆ ಹಾಕಿದರೆ ಮನೆ ಒಡೀತದೆ, ಸಮುದ್ರದ ಆಚೆ ಹಾಕಿದರೆ ಯಾರದ್ದೂ ಒಡಿಯುವುದಿಲ್ಲ ಅಂತ ಅವರು ಹೇಳಿದ್ದರು. ನಿನಗೆ ಹೇಳಬಾರದು ಅಂತಲೂ ಹೇಳಿದ್ದರು. ನೀನು ಅಷ್ಟು ಚಂದ ತಮಾಷೆ ಮಾಡ್ತಿದ್ದಿ."

ಕುಲಶೇಖರದ ಮನೆ ಬಂತು. ಈಗ ಆ ಮನೆಯ ಅಡುಗೆ ಅತ್ತೆಯ ಅಕ್ಕನದ್ದು. ಪೆಟ್ಟಿಗೆ ಇಳಿಸಿ ಕೈಮುಗಿದು ಹೊರಟೆ.

"ಊಟ ಮಾಡಿಕೊಂಡು ಹೋಗು," ಎಂದರು ಅತ್ತೆ. ಎಂದವರು ಅಲ್ಲಿಗೇ ನಿಂತರು. ಬಾಗಿಲಿನ ಕಡೆ ತಿರುಗಿ ನೋಡಿದರು.

"ಇರು, ಒಳಗೆ ಕೇಳಿ ಬರ್ತೇನೆ."

ನನಗೆ ಹಸಿವಿರಲಿಲ್ಲ. ಜಟಕಾದವನನ್ನು ಕಳಿಸಿ, ಜಗಲಿಯಲ್ಲಿ ಕೂತೆ.