ಮಾಮಿಗೆ ಕೊಟ್ಟ ಕಾಗದ

ನಾನು ಹುಟ್ಟಾ ಅನುಮಾನದ ಮನುಷ್ಯ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಬಿಟ್ಟುಕೊಟ್ಟರೆ, ಸೀಟು ಒದ್ದೆಯಾಗಿರಬೇಕು ಎಂದು ಮೊದಲು ಕೈಯಾಡಿಸಿ ನೋಡುತ್ತೇನೆ. ಹಬ್ಬವಿಲ್ಲದ ದಿನ ಮನೆಯಲ್ಲಿ ಪಾಯಸ ಮಾಡಿದರೆ, ಎರಡನೆಯ ಸಲ ಬಡಿಸಿಕೊಳ್ಳುವ ಮೊದಲೇ ಊರಿನಿಂದ ಯಾರು ಬರುತ್ತಿದ್ದಾರೆ ಎಂದು ಕೇಳಿಬಿಡುತ್ತೇನೆ. ಹೆಚ್ಚಿನ ಸಲ ಯಾರೋ ಬರುತ್ತಲೇ ಇರುತ್ತಾರೆ, ಹಾಗಾಗಿ ಈ ಗುಣವನ್ನು ಬಿಡಬೇಕೆಂದು ನನಗೆ ಎಂದೂ ಅನಿಸಿಲ್ಲ. ಆದರೆ ಕತ್ತರಿ, ಅಂಟು, ಹಳೆಯ ಕಾಗದ ಈ ಮೂರೂ ಹೆಂಗಸರ ಕೈಯಲ್ಲಿ ಒಟ್ಟಿಗೆ ಸೇರಿದಾಗ ಹುಟ್ಟುವ ಅನುಮಾನ ಇದೆಯಲ್ಲ, ಅದರ ಜಾತಿಯೇ ಬೇರೆ.

ಆಗ ನಾವು ಮದರಾಸಿನ ಕೀಲ್ಪಾಕಿನಲ್ಲಿ ಒಂದು ವಠಾರದಲ್ಲಿದ್ದೆವು. ನಾನು ಪೆರಂಬೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ರತ್ನ ನಂಜನಗೂಡಿನವಳು. ಗೋಡೆಯ ಆ ಬದಿಯ ಮನೆಯಲ್ಲಿ ಜಾನಕಿ ಮಾಮಿ, ಅವರ ಗಂಡ ವರದನ್. ಈ ವರದನ್ನರು ವಠಾರದಲ್ಲಿ ಬರೀ ನೆರೆಯವರು, ಕಚೇರಿಯಲ್ಲಿ ಮಾತ್ರ ನನ್ನ ಸೂಪರಿಂಟೆಂಡೆಂಟು. ಬೆಳಗ್ಗೆ ನಲ್ಲಿಯ ಹತ್ತಿರ ಟವಲು ಸುತ್ತಿಕೊಂಡು ನನ್ನ ಹಿಂದೆ ಕೊಡ ಹಿಡಿದು ನಿಂತಿದ್ದವರ ಮುಂದೆಯೇ ಹತ್ತು ಗಂಟೆಗೆ ನಾನು ಕೈಕಟ್ಟಿ ನಿಲ್ಲಬೇಕು. ಇಂಥ ಏರ್ಪಾಡಿನಲ್ಲಿ ಮನೆಯ ಮಾತು ಗೋಡೆ ದಾಟದಂತೆ ನೋಡಿಕೊಳ್ಳುವುದು ನನ್ನಂಥವನಿಗೆ ಪ್ರಾಣಕ್ಕಿಂತ ಹೆಚ್ಚು.

ರತ್ನಳಿಗೆ ಕಾಗದದ ಹುಚ್ಚು ಹಿಡಿಸಿದವರು ಈ ಮಾಮಿಯೇ. ಮೊದಮೊದಲು ಸಣ್ಣದಾಗಿಯೇ ಶುರುವಾಯಿತು, ಒಂದು ಸೊಟ್ಟ ಡಬ್ಬಿ, ಅದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದರ ಬೆನ್ನಿಗೇ ಅಡುಗೆಮನೆಯ ಹಲಗೆಗಳ ಅಂಚಿಗೆ ಪತ್ರಿಕೆಯ ಹಾಳೆ ಮಡಿಸಿ, ಕತ್ತರಿಸಿ, ಬಿಡಿಸಿ, ಜಾಲರಿಯ ಹಾಗೆ ಇಳಿಬಿಟ್ಟಳು. ಚೆನ್ನಾಗಿತ್ತು, ಒಪ್ಪಿಕೊಂಡೆ. ಆಮೇಲೆ ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಬಾಚಣಿಗೆ ಇಡುವ ಗೋಡೆಚೀಲ ಬಂತು. ಬಾಚಣಿಗೆ ತೆಗೆಯಲು ಹೋದರೆ ದೇವಿಯ ಅಭಯಹಸ್ತದೊಳಗೆ ಕೈ ಹಾಕಬೇಕು. ಬಾಗಿಲಿಗೆ ಬಣ್ಣದ ಕಾಗದದ ಸರ, ದೀಪಕ್ಕೆ ಕಾಗದದ ಕೊಡೆ, ಔಷಧದ ಶೀಷೆಯಲ್ಲಿ ಕಾಗದದ ಗುಲಾಬಿ. ಒಂದು ಸಂಜೆ ಕಚೇರಿಯಿಂದ ಬಂದವನು, ಇದು ನಮ್ಮ ಮನೆಯೋ, ಯಾರದಾದರೂ ಮದುವೆ ಚಪ್ಪರವೋ ಎಂದು ಹೊಸ್ತಿಲಲ್ಲೇ ನಿಂತು ಯೋಚಿಸಿದ್ದುಂಟು.

ಕೊನೆಗೆ ಬಂದದ್ದು ಬುಟ್ಟಿ. ಹಳೆಯ ಕಾಗದವನ್ನು ಚೂರು ಮಾಡಿ ಅದು ಕರಗುವ ತನಕ ನೀರಿನಲ್ಲಿ ನೆನೆಸಬೇಕು. ಮೆಂತ್ಯ ಸೇರಿಸಿ ಒರಳಿಗೆ ಹಾಕಿ ನುಣ್ಣಗೆ ರುಬ್ಬಬೇಕು. ಆ ಮುದ್ದೆಯನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಬಿಸಿಲಿಗಿಡಬೇಕು. ಒಣಗಿದ ಮೇಲೆ ಪಾತ್ರೆಯಿಂದ ಕಳಚಿದರೆ ಬುಟ್ಟಿ. ಮೆಂತ್ಯದ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲವಂತೆ. ಮದರಾಸಿನ ಬಿಸಿಲನ್ನು ನಾನು ಬೈಯುತ್ತಿದ್ದಂತೆಯೇ ಈ ಹೆಂಗಸರು ಅದಕ್ಕೊಂದು ಉದ್ಯೋಗ ಕೊಟ್ಟಿದ್ದರು. ಅಂಗಳದಲ್ಲಿ ಸಾಲಾಗಿ ಬೋರಲು ಬಿದ್ದ ಪಾತ್ರೆಗಳು. ನನ್ನ ಅನುಮಾನ ಮೊದಲು ಹೋದದ್ದು ಒರಳಿನ ಕಡೆಗೆ. ನಮ್ಮ ದೋಸೆಹಿಟ್ಟೂ ಅದೇ ಒರಳಿನಲ್ಲಿ ತಾನೆ ರುಬ್ಬುವುದು? ತೊಳೆದಿದ್ದೇನೆ ಎಂದು ರತ್ನ ಆಣೆ ಮಾಡಿದಳು. ಆದರೂ ಬೆಳಗ್ಗೆ ದೋಸೆಯನ್ನು ಬೆಳಕಿಗೆ ಹಿಡಿದು, ಎಲ್ಲಾದರೂ ಸುದ್ದಿ ಕಾಣಿಸುತ್ತದೆಯೇ ಎಂದು ನೋಡಿದ ಮೇಲೇ ನಾನು ಬಾಯಿಗಿಡುತ್ತಿದ್ದೆ.

ಇಷ್ಟರವರೆಗೆ ಎಲ್ಲ ಸಹಿಸಬಹುದಾದದ್ದೇ. ಒಂದು ಸಂಜೆ ಕಾಫಿ ಕುಡಿಯುತ್ತ ಕೂತಿದ್ದಾಗ ನನ್ನ ಮಗಳು ಜಯ ಹೊರಗಿನಿಂದ ಓಡಿ ಬಂದಳು. ಅವಳು ಓದುತ್ತಿದ್ದುದು ತಮಿಳು ಶಾಲೆಯಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ದಾರಿಯವರೆಗೆ ಕನ್ನಡದಲ್ಲಿ ಬಂದು ಅಲ್ಲಿಂದ ತಮಿಳು ಹತ್ತಿಕೊಳ್ಳುವಳು. ಅಮ್ಮ ಎಲ್ಲೇ ಎಂದು ಕೇಳಿದೆ.

"ಮಾಮಿ ಆತ್ತಿಲೆ, ಅವರ ಮನೇಲಿ. ಅಮ್ಮ ನಿಮ್ಮ ಹಳೇ ಕಾಗದ ಎಲ್ಲಾ ಮಾಮಿಗೆ ಕೊಟ್ಟಾಚ್ಚು. ಮಾಮಾ ಕೂಡ ನೋಡಿ ನಕ್ಕುಟ್ಟಾರ್" ಎಂದು ಹೇಳಿ ಕುಂಟಾಬಿಲ್ಲೆ ಆಡಲು ಓಡಿಹೋದಳು.

ಕಾಫಿ ಲೋಟ ಕೆಳಗಿಟ್ಟೆ. ಮಾಮಾ ಎಂದರೆ ವರದನ್ನರು. ನನ್ನ ಹಳೇ ಕಾಗದ! ಜಯ ಹುಟ್ಟುವ ಮುಂಚೆ ರತ್ನ ಬಾಣಂತನಕ್ಕೆಂದು ನಂಜನಗೂಡಿಗೆ ಹೋಗಿದ್ದಳು. ನಾನು ಇಲ್ಲಿ ಒಂಟಿ. ಆಗ ಬರೆದ ಕಾಗದಗಳು ಅವು. ಅವುಗಳಲ್ಲಿ ಏನೇನು ಬರೆದಿದ್ದೆನೋ ಪೂರ್ತಿ ನೆನಪಿಲ್ಲ, ಆದರೆ ಒಂದು ಪದ್ಯ ಮಾತ್ರ ಚೆನ್ನಾಗಿ ನೆನಪಿತ್ತು. ಸಂಜೆ ಬೀಚಿನಲ್ಲಿ ಕೂತು ಕಟ್ಟಿದ್ದು. ಅದರಲ್ಲಿ ಅವಳ ಮುಖ ಕಂಡ ಚಂದ್ರ ನಾಚಿಕೊಂಡು ತೆಂಗಿನಮರದ ಹಿಂದೆ ಅವಿತುಕೊಳ್ಳುತ್ತಾನೆ. ಅಲ್ಲಿಗೂ ಬಿಡದೆ ನಾನು ಅವನನ್ನು ಹೊರಗೆಳೆದು ಅವಳ ಕಾಲಿಗೆ ಬೀಳಿಸುತ್ತೇನೆ. ಮದುವೆಯಾದ ಹೊಸತರಲ್ಲಿ ಯಾರಾದರೂ ಬರೆಯುವಂಥದ್ದೇ ಅನ್ನಿ. ಆದರೆ ಯಾರಾದರೂ ಬರೆದದ್ದನ್ನು ಅವರ ಸೂಪರಿಂಟೆಂಡೆಂಟು ಓದಬಾರದು.

ಒಳಗೆ ಹೋಗಿ ಟ್ರಂಕು ತೆಗೆದೆ. ಧಾರೆ ಸೀರೆಯ ಕೆಳಗೆ, ಕೆಂಪು ದಾರ ಕಟ್ಟಿದ ಆ ಕಟ್ಟು ಇರಬೇಕಾಗಿತ್ತು. ಇರಲಿಲ್ಲ. ಒಣಗಿದ ಬೇವಿನೆಲೆ, ಸತ್ತ ಒಂದು ಜಿರಲೆ, ಅಷ್ಟೆ. ಅನುಮಾನ ನಿಜವಾದಾಗ ಒಳಗೊಳಗೇ ಒಂದು ಥರದ ಹೆಮ್ಮೆಯೂ ಆಗುತ್ತದೆ, ನನಗೆ ಆಯಿತು.

ಮಾರನೆಯ ದಿನ ಕಚೇರಿಯಲ್ಲಿ ಫೈಲು ಹಿಡಿದು ವರದನ್ನರ ಮುಂದೆ ನಿಂತೆ. ಎಂದೂ ನಗದ ಮನುಷ್ಯ ಅಂದು ಕನ್ನಡಕದ ಮೇಲಿಂದ ನನ್ನನ್ನು ನೋಡಿ ನಕ್ಕರು. ಆಮೇಲೆ ತಮಿಳಿನಲ್ಲಿ ತಗ್ಗಿದ ದನಿಯಲ್ಲಿ, ನಮ್ಮ ಮನೆಯವರು ನಿಮ್ಮನ್ನು ಬಹಳ ಹೊಗಳುತ್ತಿದ್ದರು ಎಂದರು. ಇಂಗ್ಲಿಷ್ ಎಲ್ಲ ಬರೀ ಒರಟಂತೆ, ನಿಮ್ಮ ಕನ್ನಡ ಬಹಳ ಮೃದುವಂತೆ, ಸ್ವಲ್ಪ ಹೊತ್ತಿನಲ್ಲೇ ಕರಗಿಹೋಗುತ್ತದಂತೆ. ಇನ್ನೂ ಇದ್ದರೆ ಕೊಡಿ ಎಂದೂ ಕೇಳಿದರು. ನಾನು ನಿಂತ ನೆಲ ಬಿರಿಯಲಿಲ್ಲ, ಸರ್ಕಾರಿ ಕಟ್ಟಡ, ಗಟ್ಟಿಯಾಗಿಯೇ ಕಟ್ಟಿದ್ದರು. ಫೈಲನ್ನು ಅಲ್ಲೇ ಬಿಟ್ಟು ನನ್ನ ಮೇಜಿಗೆ ಬಂದೆ. ಆ ದಿನ ಯಾರು ಕೆಮ್ಮಿದರೂ ನನಗೆ ಅದರಲ್ಲಿ ಚಂದ್ರನೇ ಕೇಳಿಸುತ್ತಿದ್ದ.

ಮನೆಗೆ ಬಂದವನೇ ಅಂಗಳದ ಬುಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಓದಿ ಮುಗಿದ ಮೇಲೆ ರುಬ್ಬಿರಲೂಬಹುದಲ್ಲ. ಒಂದರ ತಳದಲ್ಲಿ, ಮುದ್ದೆಯ ನಡುವೆ ರುಬ್ಬದೆ ಉಳಿದ ಚೂರಿನಲ್ಲಿ, 'ಪ್ರಿಯ' ಎಂಬ ಎರಡು ಅಕ್ಷರ ಸ್ಪಷ್ಟವಾಗಿ ಕಾಣಿಸಿತು. ಅಚ್ಚೋ ಕೈಬರಹವೋ ಎಂದು ನೋಡುವಷ್ಟು ತಾಳ್ಮೆ ಯಾರಿಗಿತ್ತು? ಉಗುರಿನಿಂದ ಅದರ ಸುತ್ತ ಕೆರೆದೆ. ಬುಟ್ಟಿಯ ತಳವೇ ಕಿತ್ತು ಕೈಗೆ ಬಂತು. ತಳವನ್ನೂ ಬುಟ್ಟಿಯನ್ನೂ ಹಿತ್ತಲ ಬೇಲಿಯಾಚೆ ಎಸೆದು, ಕೈ ತೊಳೆದುಕೊಂಡು, ಏನೂ ಆಗದವನಂತೆ ಒಳಗೆ ಬಂದು ಎಂದಿನ ಹಾಗೆ ಕನ್ನಡಕವನ್ನು ಕಿಟಕಿಯ ಮಗ್ಗುಲಿನ ಮುಚ್ಚಳದ ಡಬ್ಬಿಯ ಮೇಲಿಟ್ಟು ಕೂತೆ. ಅದೂ ಕಾಗದದ್ದೇ, ರತ್ನ ಎಲ್ಲಕ್ಕಿಂತ ಮೊದಲು ಮಾಡಿದ್ದು, ಸ್ವಲ್ಪ ಸೊಟ್ಟ. ಅವಳನ್ನು ನೇರವಾಗಿ ಕೇಳಿಬಿಡಬಹುದಿತ್ತು. ಆದರೆ ನೇರವಾಗಿ ಕೇಳುವವರು ಅನುಮಾನದ ಮನುಷ್ಯರೇ ಅಲ್ಲ. ಅದರ ಬದಲು ಊಟಕ್ಕೆ ಕೂತಾಗ ಸಾರು ಸಪ್ಪೆ ಎಂದೆ, ಮಲ್ಲಿಗೆ ಹೂವಿಗೆ ವಾಸನೆಯಿಲ್ಲ ಎಂದೆ, ತಮಿಳರನ್ನೂ ಅವರ ಕಾಫಿಯನ್ನೂ ಬೈದೆ.

ಭಾನುವಾರ ತಡೆಯಲಾಗಲಿಲ್ಲ. ಅವಳು ಕಾಲು ಚಾಚಿ ಕೂತು ದೇವರಮನೆಯ ಹಲಗೆಗೆ ಹೊಸ ಜಾಲರಿ ಕತ್ತರಿಸುತ್ತಿದ್ದಳು. ನಾನು ಎದುರಿಗೆ ನಿಂತು, ಇಷ್ಟು ದಿನ ಕಟ್ಟಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಬಿಚ್ಚಿದೆ. ಗಂಡ ಹೆಂಡತಿಗೆ ಬರೆದದ್ದನ್ನು ವಠಾರಕ್ಕೆಲ್ಲ ಹಂಚುವ ಸಂಪ್ರದಾಯ ನಂಜನಗೂಡಿನಲ್ಲಿ ಯಾವಾಗಿನಿಂದ ಶುರುವಾಯಿತು ಎಂದು ಕೇಳಿದೆ. ಆ ಚಂದ್ರನ ಪದ್ಯವನ್ನು ನಿನ್ನ ಮಾಮಿ, ಮಾಮಾ ಓದಿ ನಕ್ಕದ್ದಾಯಿತು, ಚಂದ್ರ ತೆಂಗಿನಮರದ ಹಿಂದೆ ಅವಿತದ್ದು ನಾಳೆ ಪೆರಂಬೂರಿಗೆಲ್ಲ ಗೊತ್ತಾಗುತ್ತದೆ, ನಾನು ಎಲ್ಲಿ ಅವಿತುಕೊಳ್ಳಲಿ ಎಂದೂ ಕೇಳಿದೆ.

ರತ್ನ ಕತ್ತರಿ ಕೆಳಗಿಟ್ಟಳು. "ನಾನು ಮಾಮಿಗೆ ಕೊಟ್ಟದ್ದು ರೈಲಿನಲ್ಲಿ ಬರತ್ತಲ್ಲ, ನಿಮ್ಮ ಕನ್ನಡ ಪೇಪರು, ಅದರ ಹಳೇ ಕಾಗದ. ಇಂಗ್ಲಿಷ್ ಪೇಪರು ನೆನೆಯೋದೇ ಇಲ್ಲ, ಇದಾದರೆ ಬೇಗ ಕರಗತ್ತೆ ಅಂತ ಅವರೇ ಕೇಳಿದ್ದು. ಅಲ್ಲಾ ರೀ, ನಾನು ಆ ಕಾಗದಾನೇ ಕೊಟ್ಟೆ ಅಂತ ಇಟ್ಟುಕೊಳ್ಳಿ. ಮಾಮಿಗೆ ಕನ್ನಡ ಓದೋದಕ್ಕೆ ಬರತ್ತಾ?"

ನಮ್ಮಲ್ಲಿ ಹಾಳೆಗೂ ಕಾಗದವೇ, ಅಂಚೆಯಲ್ಲಿ ಬರುವುದಕ್ಕೂ ಕಾಗದವೇ. ತಮಿಳಿನವರು ಜಾಣರು, ಒಂದಕ್ಕೆ ಕಾಗಿದಂ ಅಂದು ಇನ್ನೊಂದಕ್ಕೆ ಕಡಿದಂ ಅನ್ನುತ್ತಾರೆ. ಜಯ ತಮಿಳಿನದನ್ನು ತಂದು ಕನ್ನಡದಲ್ಲಿ ಹೇಳಿದ್ದಳು, ನಾನು ಕನ್ನಡದ್ದನ್ನೇ ಹಿಡಿದುಕೊಂಡು ಉರುಳಾಡಿದ್ದೆ. ಇಷ್ಟಾದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ. ಹಾಗಾದರೆ ವರದನ್ ಯಾಕೆ ನಕ್ಕರು? ಕಾರಣ ಇಷ್ಟೇ, ಪತ್ರಿಕೆಯಲ್ಲಿ ಕೂದಲೆಣ್ಣೆಯ ಜಾಹೀರಾತಿನ ಬೊಕ್ಕತಲೆಯವನಿಗೆ ಜಯ ಸೀಸದಕಡ್ಡಿಯಿಂದ ಜುಟ್ಟು ಬಿಡಿಸಿದ್ದಳಂತೆ. 'ಪ್ರಿಯ' ಎಂಬುದನ್ನು ನಾನು ಬಾಯಿಬಿಡಲಿಲ್ಲ. ಆದರೆ ಯಾವುದೋ 'ಜನಪ್ರಿಯ ಮುಲಾಮಿ'ನ ಹಾಳೆಯಿಂದ ಮಾಡಿದ ಒಳ್ಳೆಯ ಬುಟ್ಟಿಯೊಂದನ್ನು ನಾಯಿ ಎಳೆದುಕೊಂಡು ಹೋಯಿತು ಎಂದು ಅವಳೇ ಪೇಚಾಡಿದಳು.

ಕೊನೆಯ ಅಸ್ತ್ರವೆಂದು ಟ್ರಂಕಿನ ಮಾತೆತ್ತಿದೆ. ಆ ಕಟ್ಟು ಎಲ್ಲಿ?

ಅವಳು ಎದ್ದಳು. ಸೊಟ್ಟ ಡಬ್ಬಿಯ ಮೇಲಿದ್ದ ನನ್ನ ಕನ್ನಡಕ ತೆಗೆದು ನನ್ನ ಕೈಗಿಟ್ಟು, ಮುಚ್ಚಳ ತೆರೆದಳು. ಒಳಗೆ ಕೆಂಪು ದಾರದ ಕಟ್ಟು ಬೆಚ್ಚಗೆ ಕೂತಿತ್ತು. ಟ್ರಂಕಿನಲ್ಲಿ ಹುಳ ಬಿದ್ದಿತ್ತು, ಮೆಂತ್ಯ ಹಾಕಿದ ಡಬ್ಬಿಯಾದರೆ ಮುಟ್ಟುವುದಿಲ್ಲ ಎಂದು ಮಾಮಿ ಹೇಳಿದರು, ಅದಕ್ಕೇ ಕಲಿತೆ ಎಂದಳು. ಅಂದರೆ ಈ ಜಾಲರಿ, ಸರ, ಗುಲಾಬಿ, ಬುಟ್ಟಿ ಎಲ್ಲ ಆಮೇಲಿನ ಮಾತು. ಅವಳು ಮಾಮಿಯ ಮನೆಗೆ ಹೋಗಿ ಕಾಗದ ರುಬ್ಬಲು ಕೂತದ್ದು ನನ್ನ ಕಾಗದಗಳನ್ನು ಉಳಿಸುವುದಕ್ಕೆ. ಅವಳ ಕೈ ಹಿಡಿದುಕೊಳ್ಳೋಣ ಎಂದುಕೊಂಡೆ.

ಅಷ್ಟರಲ್ಲಿ ಅವಳು ದಾರ ಬಿಚ್ಚಿ ಮೇಲಿನದನ್ನು ಓದತೊಡಗಿದ್ದಳು. 'ಚಿ. ಸೌ. ರತ್ನಳಿಗೆ ಆಶೀರ್ವಾದಗಳು. ಸಾರಿನ ಪುಡಿ ಮುಗಿಯುತ್ತ ಬಂತು. ಬರುವವರ ಕೈಲಿ ತಪ್ಪದೆ ಕಳಿಸುವುದು.' ಎರಡನೆಯದರಲ್ಲಿ ಸಾರಿನ ಪುಡಿ ತಲುಪಿದ ಸಮಾಚಾರವೂ, ಖಾರ ಹೆಚ್ಚಾಯಿತೆಂಬ ದೂರೂ ಇದ್ದವು. ಮೂರನೆಯದರಲ್ಲಿ ರಸಬಾಳೆ. ಅದರ ಕೆಳಗಿನದರಲ್ಲಿ ರಸಬಾಳೆ ದಾರಿಯಲ್ಲಿ ಕೊಳೆತದ್ದು. ಅವಳು ಒಂದೊಂದನ್ನೂ ಬಿಡಿಸಿ, ಓದಿ, ಮಡಿಸಿ, ಕಟ್ಟಿನ ತಳ ಮುಟ್ಟಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಪರಿಚಯ. ಕನ್ನಡಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

"ಇದರಲ್ಲಿ ಚಂದ್ರನೂ ಇಲ್ಲ, ತೆಂಗಿನಮರವೂ ಇಲ್ಲ. ಆ ಪದ್ಯ ಯಾರಿಗೆ ಬರೆದದ್ದು?"

ದೇವರಾಣೆಗೂ ಇನ್ನಾರಿಗೂ ಅಲ್ಲ. ಬೀಚಿನಲ್ಲಿ ಕೂತು ಮನಸ್ಸಿನಲ್ಲೇ ಕಟ್ಟಿರಬೇಕು. ಮನೆಗೆ ಬಂದು ಬರೆಯಲು ಕೂರುವಷ್ಟರಲ್ಲಿ ಹಸಿವಾಗಿ, ಚಂದ್ರನ ಜಾಗದಲ್ಲಿ ಸಾರಿನ ಪುಡಿ ಬಂದಿರಬೇಕು. ಹಾಗೆಂದೇ ಹೇಳಿದೆ. ಹೇಳುತ್ತಿದ್ದಂತೆಯೇ ಇದನ್ನು ನಾನಾಗಿದ್ದರೂ ನಂಬುತ್ತಿರಲಿಲ್ಲ ಎಂದು ನನಗೇ ಅನಿಸಿತು. ರತ್ನ ಕಟ್ಟಿಗೆ ದಾರ ಸುತ್ತಿ ಮುಚ್ಚಳ ಹಾಕಿದಳು.

ಅಂದಿನಿಂದ ನಾನು ಅನುಮಾನಪಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದೇನೆ, ಒಂದು ಮನೆಗೆ ಒಬ್ಬರು ಸಾಕು. ಬುಟ್ಟಿಗಳು ಈಗಲೂ ಆಗುತ್ತಿವೆ. ಆದರೆ ಮೊದಲಿನಷ್ಟು ಬೇಗ ಆಗುವುದಿಲ್ಲ. ನನ್ನ ಅಂಗಿಯ ಜೇಬಿನಿಂದ, ಮೇಜಿನಿಂದ, ಪುಸ್ತಕದ ನಡುವಿನಿಂದ ಸಿಕ್ಕ ಚೂರು ಕಾಗದವನ್ನೂ ರತ್ನ ಕಿಟಕಿಯ ಹತ್ತಿರ ಒಯ್ದು, ಎರಡೂ ಮಗ್ಗುಲು ಓದಿದ ಮೇಲೇ ನೆನೆಹಾಕುತ್ತಾಳೆ.