ಹಣ್ಣಿನ ಗಾಡಿಯ ಬ್ಯಾಟರಿ

ಈ ಬ್ಯಾಟರಿ ಸತ್ತಿದ್ದರೆ ಸಾಕು ಎಂದು ಪಿಸು ಮನಸ್ಸಿನಲ್ಲೇ ಬೇಡಿಕೊಂಡಳು. ಪದವಿ ಮುಗಿಸಿ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದ ಅವಳ ಮಾತು ಎದುರು ಕೂತವರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಸಂಜೆ ವಾರ್ಷಿಕ ಸಭೆ. ದುರಸ್ತಿಗೆಂದು ಬೀದಿಯ ಕರೆಂಟು ತೆಗೆದಿದ್ದರಿಂದ ಬ್ಯಾಟರಿಯಿಂದ ನಡೆಯುವ ಮೈಕ್ ಪೆಟ್ಟಿಗೆಯೇ ಗತಿ. ವಿಜ್ಞಾನ ಓದಿದವಳೆಂದು ಗ್ರಂಥಪಾಲಕಿ ಮೇಡಂ ಬ್ಯಾಟರಿ ಪರೀಕ್ಷಿಸಲು ಅವಳ ಕೈಗೆ ಮೀಟರ್ ಕೊಟ್ಟಿದ್ದರು. ಬೇಡ ಅನ್ನಲಿಲ್ಲವೆಂದು ಸ್ವಾಗತ ಭಾಷಣವನ್ನೂ ಅವಳಿಗೇ ವಹಿಸಿಬಿಟ್ಟಿದ್ದರು. ಮೈಕ್ ಇಲ್ಲದಿದ್ದರೆ ಅವಳ ದನಿ ಮೊದಲ ಸಾಲನ್ನೂ ಮುಟ್ಟದು. ಆಗ ಪಕ್ಕದಂಗಡಿಯ ದೊಡ್ಡ ಗಂಟಲಿನ ಟೈಲರ್ ಮಾತಾಡಬೇಕು.

ಮೀಟರ್ ಹನ್ನೆರಡೂವರೆ ವೋಲ್ಟ್ ತೋರಿಸಿತು. ಗಟ್ಟಿಯಾಗಿದೆ ಬಿಡಮ್ಮ ಎಂದು ಗುಮಾಸ್ತರು ಖುಷಿಪಟ್ಟರು. ಆದರೆ ಸುಮ್ಮನೆ ಕೂತಿರುವಾಗ ಎಂಥ ಮುದಿ ಬ್ಯಾಟರಿಯೂ ಪೈಲ್ವಾನನೇ. ಕೆಲಸ ಹೇಳಿದಾಗಲೇ ಬಣ್ಣ ಬಯಲಾಗುವುದು. ಅವಳು ಹಳೇ ಸ್ಕೂಟರಿನ ಹೆಡ್‌ಲೈಟ್ ಬಲ್ಬನ್ನು ತಂತಿಗೆ ಸಿಕ್ಕಿಸಿದಳು. ನಿಮಿಷವಾಗುವುದರೊಳಗೆ ಬಲ್ಬು ನಿದ್ದೆಗೆಟ್ಟ ಕಣ್ಣಿನಂತೆ ಕೆಂಪಾಯಿತು, ಮೀಟರ್ ಒಂಬತ್ತಕ್ಕೆ ಕುಸಿಯಿತು. ಮುಖ ಸಪ್ಪಗೆ ಮಾಡಿಕೊಳ್ಳಲು ಅವಳು ಬಹಳ ಕಷ್ಟಪಡಬೇಕಾಯಿತು.

ಸುದ್ದಿ ಬೀದಿಗೆ ಹಬ್ಬಿತು. ಉಪಕಾರಿಗಳು ಮನೆಯ ಮೂಲೆ ಮೂಲೆ ಕೆದಕಿದರು. ಟೈಲರ್ ತಂದ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಪೆಟ್ಟಿಗೆಯೊಳಗೇ ಇಳಿಯಲಿಲ್ಲ. ಹಲ್ಲಿನ ಡಾಕ್ಟರು ಕಳಿಸಿದ ಬ್ಯಾಟರಿಗೆ ಬಲ್ಬು ಹತ್ತಲೇ ಇಲ್ಲ. ಗುಮಾಸ್ತರು ಅದನ್ನು ಔಷಧದ ಸೀಸೆಯಂತೆ ಅಲುಗಾಡಿಸಿ ನೋಡಿದರು. ಒಂದೊಂದು ಸೋತಾಗಲೂ ಪಿಸುವಿನ ಉಸಿರು ಸರಾಗವಾಗುತ್ತಿತ್ತು.

ಕೊನೆಗೆ ಗೇಟಿನ ಬಳಿ ಹಣ್ಣು ಮಾರುವ ಅಜ್ಜಿ ತನ್ನ ತಳ್ಳುಗಾಡಿಯ ದೀಪದ ಬ್ಯಾಟರಿಯನ್ನೇ ಬಿಚ್ಚಿ ಕೊಟ್ಟು ಹೋದರು. ಒಂದು ಗಂಟೆ ದೀಪವಿಲ್ಲದಿದ್ದರೆ ಹಣ್ಣೇನು ಓಡಿಹೋಗುವುದಿಲ್ಲ ಎಂದರು. ಹಾಳು ಬಲ್ಬು ಹಗಲಲ್ಲೂ ಕಣ್ಣು ಕುಕ್ಕುವಂತೆ ಉರಿಯಿತು. ಮೀಟರ್ ಹನ್ನೆರಡು ಬಿಟ್ಟು ಕದಲಲಿಲ್ಲ. ಯಾರೂ ನೋಡುವ ಮೊದಲೇ ಪಿಸು ತಂತಿ ಕಿತ್ತಳು. ಬ್ಯಾಟರಿಯನ್ನು ಗಾಡಿಯ ಮೇಲಿಟ್ಟು, "ಇದೂ ಹೋಗಿದೆ ಅಜ್ಜಿ," ಎಂದು ನೆಲ ನೋಡುತ್ತ ಹೇಳಿ ಬಂದಳು.

ಭಾಷಣಕ್ಕೆ ಮೇಡಂ ಟೈಲರನ್ನೇ ಗೊತ್ತು ಮಾಡಿದರು. ಪಿಸು ನೆಮ್ಮದಿಯಿಂದ ಒಂದು ಲೋಟ ನೀರು ಕುಡಿದಳು. ಲೋಟ ಇಡುವಾಗ ಕಿಟಕಿಯಾಚೆ ಗುಜರಿಯವನ ಗಾಡಿ ಹೋಗುತ್ತಿರುವುದು ಕಂಡಿತು. ಅದರ ಮೇಲೆ ಅಜ್ಜಿಯ ಬ್ಯಾಟರಿ.

ಅವಳು ಹೊರಗೆ ಓಡಿದಳು.

"ಸತ್ತಿದ್ದನ್ನ ಇಟ್ಕೊಂಡು ಏನ್ ಮಾಡ್ಲಿ ಮಗಳೇ," ಎಂದರು ಅಜ್ಜಿ ಹಣ್ಣು ಒರೆಸುತ್ತ. "ಇನ್ಮೇಲೆ ಕತ್ತಲಾಗೋ ಮುಂಚೆ ಮನೆಗೆ ಹೋದ್ರಾಯ್ತು. ವ್ಯಾಪಾರ ಆಗೋದೇ ಆಮೇಲೆ, ಏನ್ ಮಾಡೋದು."

ಗುಜರಿ ಗಾಡಿ ಆಗಲೇ ಬೀದಿ ಕೊನೆಯ ತಿರುವಿನಲ್ಲಿತ್ತು.

"ನಿಲ್ಲಿಸಪ್ಪಾ, ಆ ಬ್ಯಾಟರಿ ಚೆನ್ನಾಗಿದೆ!"

ಪಿಸುವಿನ ಆ ಕೂಗಿಗೆ ಗುಜರಿ ಗಾಡಿಯ ಜೊತೆಗೆ ಒಂದು ಬಸ್ಸೂ ನಿಂತಿತು. ಟೈಲರ್ ಕೈಯಿಂದ ಕತ್ತರಿ ಜಾರಿತು.

ಬ್ಯಾಟರಿ ಅಜ್ಜಿಯ ಗಾಡಿಗೆ ಮರಳಿತು. ಬಾಗಿಲಲ್ಲಿ ನಿಂತಿದ್ದ ಮೇಡಂ ಪಿಸುವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೈಕೂ ಬೇಡ, ಟೈಲರೂ ಬೇಡ. ಭಾಷಣ ನಿಂದೇ."

ಬದುಕಿದೆನೆಂದು ಟೈಲರ್ ಬೆವರು ಒರೆಸಿಕೊಂಡರು. ಪಿಸುವಿಗೆ ಹೇಳಲು ಇನ್ನು ಯಾವ ಸುಳ್ಳೂ ಉಳಿದಿರಲಿಲ್ಲ. ವಿಚಿತ್ರವೆಂದರೆ ಎದೆ ಹಗುರವಾಗಿತ್ತು.

"ಜನರ ಮುಂದೆ ಮಾತಾಡೋಕೆ ನಂಗೆ ಭಯ ಮೇಡಂ," ಎಂದಳು, ಇಡೀ ಬೀದಿಗೆ ಕೇಳುವಂತೆ.