ಗೆರೆ ದಾಟಿದ ಚಾರ್ಟು

ಹೊಸ ನರ್ಸಿಗೆ ಅಂದಾಜು ಬರುತ್ತಿರಲಿಲ್ಲ. ಉಳಿದವರು ಹೆರಿಗೆ ಮುಗಿಸಿ, ಕೈ ತೊಳೆದು, ಟೀ ಕುಡಿಯುತ್ತ, ಹೆರಿಗೆ ಹೇಗೆ ಸಾಗಿದೆಯೆಂದು ಆಗಾಗ ಗುರುತಿಸಬೇಕಾದ ಚಾರ್ಟನ್ನು ಅಂದಾಜಿನಲ್ಲೇ ತುಂಬಿಬಿಡುತ್ತಿದ್ದರು. ಅವರ ಗೆರೆ ಬಟ್ಟೆ ಒಣಹಾಕುವ ತಂತಿಯಂತೆ ನೆಟ್ಟಗಿರುತ್ತಿತ್ತು. ಇವಳದು ಕೋಳಿ ಕೆದಕಿದ ಅಂಗಳ.

ಅಂದು ತಪಾಸಣೆಗೆ ಸಾಹೇಬರು ಬರುವವರಿದ್ದರು. ಬೆಳಿಗ್ಗೆ ಎಂಟಕ್ಕೆ ಚೊಚ್ಚಲ ಬಸುರಿಯೊಬ್ಬಳು ಬಂದು ಸೇರಿದಳು. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹೊಸ ನರ್ಸ್ ಚಾರ್ಟಿನಲ್ಲಿ ಗುರುತು ಹಾಕಿ, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಎಣಿಸತೊಡಗಿದಳು.

"ಗಳಿಗೆಗೊಂದ್ಸಲ ಕಿವಿ ಇಡ್ತೀಯಲ್ಲಮ್ಮ, ಒಳಗೇನು ಹಾಡ್ತಾ ಇದ್ಯಾ?" ಎಂದಳು ಬಸುರಿಯ ಅತ್ತೆ.

ಹನ್ನೆರಡಕ್ಕೆ ಐದೇ ಸೆಂಟಿಮೀಟರ್. ಹೆರಿಗೆ ತಡವಾದರೆ ತಿಳಿಯಲೆಂದು ಚಾರ್ಟಿನಲ್ಲಿ ಅಚ್ಚಾಗಿದ್ದ ಎರಡು ಓರೆಗೆರೆಗಳಲ್ಲಿ ಮೊದಲನೆಯದನ್ನು, ಎಚ್ಚರಿಕೆಯದನ್ನು, ಗುರುತು ದಾಟಿತ್ತು.

"ಅಕ್ಕಾ, ಗೆರೆ ದಾಟ್ತು. ಡಾಕ್ಟರಿಗೆ ಹೇಳೋಣ್ವಾ?"

ಹಿರಿಯ ನರ್ಸ್ ಹಣೆ ಚಚ್ಚಿಕೊಂಡಳು. "ಸಾಹೇಬ್ರು ಬರೋ ದಿನಾನೇ ದಾಟಿಸ್ಬೇಕಿತ್ತಾ ನೀನು? ಚೊಚ್ಚಲು, ನಿಧಾನ ಆಗುತ್ತೆ. ಆ ಹಾಳೆ ಮಡಚಿಡು. ಹೆರಿಗೆ ಆದ್ಮೇಲೆ ಕೂತು ಬರಿ, ಅದು ಹೆಂಗೆ ನೆಟ್ಟಗೆ ಬರಲ್ವೋ ನಾನೂ ನೋಡ್ತೀನಿ!"

ಎರಡು ಗಂಟೆಗೂ ಐದೇ. ಗುರುತು ಎರಡನೆಯದನ್ನೂ, ಅಪಾಯದ ಗೆರೆಯನ್ನೂ ದಾಟಿತು. ನೂರ ನಲವತ್ತಿದ್ದ ಎದೆಬಡಿತ ನೂರ ಆರಕ್ಕೆ ಇಳಿದಿತ್ತು. ಎರಡು ಸಲ ಎಣಿಸಿದಳು. ಮೂರನೆಯ ಸಲಕ್ಕೆ ಕಾಯದೆ, ಅಷ್ಟರಲ್ಲಿ ಬಂದು ಡಾಕ್ಟರ ಜೊತೆ ಕೂತಿದ್ದ ಸಾಹೇಬರ ಸಭೆಗೇ ನುಗ್ಗಿದಳು. ಚಾರ್ಟು ಹೋಗಿ ಸಾಹೇಬರ ಬಿಸ್ಕತ್ತಿನ ತಟ್ಟೆಯ ಮೇಲೆ ಬಿತ್ತು. ಡಾಕ್ಟರು ಅದನ್ನು ನೋಡಿದ್ದೇ ಕುರ್ಚಿ ಕೆಡವಿಕೊಂಡು ಓಡಿದರು.

ಆಪರೇಷನ್ ಆಯಿತು. ಎತ್ತಿದ ಮಗು ಮೊದಲು ಸುಮ್ಮನಿತ್ತು. ಬೆನ್ನುಜ್ಜಿದ ಮೇಲೆ, ಬೈಯುವವರ ಹಾಗೆ, ಬಾಯಿ ಬಿಟ್ಟು ಅತ್ತಿತು.

ಸಂಜೆ ಸಾಹೇಬರು ಕರೆಸಿದರು. ಹೊಗಳುತ್ತಾರೆಂದು ಅವಳು ತಲೆ ಬಾಚಿಕೊಂಡು ಹೋದಳು.

"ಈ ವರ್ಷದ ಇನ್ನೂರು ಚಾರ್ಟು ನೋಡಿದೆ. ಒಂದೂ ಗೆರೆ ದಾಟಿಲ್ಲ. ನಿಮ್ಮದೊಂದೇ ಯಾಕಮ್ಮ ದಾಟ್ತು?"

"ಸರ್, ದಾಟಿಸಿದ್ದು ನಾನಲ್ಲ..."

"ಎಲ್ಲರ ಕೈಲಿ ಆಗೋದು ನಿಮ್ಮ ಕೈಲಿ ಯಾಕಾಗಲ್ಲ?"

ಆ ಇನ್ನೂರಕ್ಕೂ ಸಹಿ ಹಾಕಿದ್ದ ಡಾಕ್ಟರು ಕಿಟಕಿ ನೋಡುತ್ತ ನಿಂತಿದ್ದರು.

ಚಾರ್ಟು ಬರೆಯುವುದರಲ್ಲಿ ಅವಳಿಗೆ ಮೂರು ದಿನದ ತರಬೇತಿ ಎಂದು ಆದೇಶವಾಯಿತು. ಕಲಿಸುವವಳು ಹಿರಿಯ ನರ್ಸ್.

ಚಾರ್ಟುಗಳನ್ನು ಕಪಾಟಿಗೆ ಸೇರಿಸುವ ಕೆಲಸವೂ ಅವಳ ತಲೆಗೇ ಬಂತು. ಪಕ್ಕದಲ್ಲೇ ಹೆರಿಗೆ ರಿಜಿಸ್ಟರಿತ್ತು. ತೆರೆದು, ಬೆರಳಿಟ್ಟು ಎಣಿಸಿದಳು. ಗೆರೆ ದಾಟದ ಹೆರಿಗೆ ಇನ್ನೂರು. ಉಳಿಯದ ಮಕ್ಕಳು ಏಳು. ತಾಯಂದಿರು ಇಬ್ಬರು.